ಹತ್ತು ನಂಬರಿನ ಬೋಲ್ಟು

ಸ್ಪ್ಯಾನರಿನ ಸಾಕೆಟ್ಟು ಜಾರಿದ ಸದ್ದು ಗಿರಿಜಾಗೆ ಗೇಟಿನಲ್ಲೇ ಕೇಳಿಸಿತು. ಕಟಕ್ ಎಂದು ಒಂದೇ ಸಲ. ನೈರೋಬಿಯ ಲಿಮುರು ರಸ್ತೆಯಲ್ಲಿ ಓಡುವ ಮಟಾಟು ವ್ಯಾನುಗಳ ಹಾರನ್ನಿನ ನಡುವೆ ಬೇರೆ ಯಾರೂ ಗಮನಿಸುವಂಥ ಸದ್ದಲ್ಲ ಅದು. ಆದರೆ ಬೋಲ್ಟಿನ ತಲೆಯ ಮೇಲಿಂದ ಸಾಕೆಟ್ಟು ಜಾರುವುದನ್ನು ಒಮ್ಮೆ ಕೇಳಿದವರು ಸಾಯುವ ತನಕ ಮರೆಯುವುದಿಲ್ಲ. ಅವಳು ಕೈಯಲ್ಲಿದ್ದ ಉಪ್ಪಿಟ್ಟಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ನೇರ ಕಾರಿನ ಹತ್ತಿರ ಹೋದಳು.

ಹೈರಿಡ್ಜ್‌ನ ಅಂಗಡಿ ಸಾಲಿನ ಹಿಂದೆ ನಾಲ್ಕು ಕಂಬಗಳ ಮೇಲೆ ತಗಡು ಹೊದಿಸಿದ ಜೋಸೆಫನ ಗ್ಯಾರೇಜು ಅದು. ಬಾನೆಟ್ ತೆರೆದು ನಿಂತಿದ್ದ ಬಿಳಿ ಕಾರು ದತ್ತಾತ್ರೇಯ ಅವರದು. ಹಿಂದಿನ ದಿನ ರಿವರ್‌ಸೈಡ್‌ನಿಂದ ಏರು ಹತ್ತಿ ಬರುವಾಗ ಇಂಜಿನ್ ಕಾದು ಮುಳ್ಳು ಕೆಂಪಿಗೆ ಹೋಗಿತ್ತು. ಥರ್ಮೋಸ್ಟಾಟು ಕೆಟ್ಟಿದೆ ಎಂದು ಜೋಸೆಫ್ ಹೇಳಿದ್ದ. ಅದನ್ನು ತೆಗೆಯಲು ಅದರ ಮುಚ್ಚಳದ ಎರಡು ಬೋಲ್ಟು ಬಿಚ್ಚಬೇಕು, ಎರಡೂ ಹತ್ತು ನಂಬರಿನವು. ಹೊರಗಿನದು ಬೆಣ್ಣೆಯಂತೆ ಬಂದಿತ್ತು. ಒಳಗಿನದು ಕಚ್ಚಿಕೊಂಡು ಕೂತಿತ್ತು. ಜೋಸೆಫ್ ಒಮ್ಮೆ ಜಾರಿದ ಕೂಡಲೇ ಕೈ ತೆಗೆದು ನಿಂತಿದ್ದ. ಮೂರ್ಖನಾದವನು ಎರಡನೆಯ ಸಲ ತಿರುಗಿಸುತ್ತಾನೆ.

ದತ್ತಾತ್ರೇಯ ಅವರಿಗೆ ಮಾತ್ರ ಕೈ ತೆಗೆಯುವ ಅಭ್ಯಾಸ ಇರಲಿಲ್ಲ. ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷ ವರದಿ ಬರೆದು ನಿವೃತ್ತರಾದ ಅವರು ಈಗ ಕನ್ನಡ ಕುಟುಂಬಗಳ ಸಂಘದ ಕಾರ್ಯದರ್ಶಿ. ವಾಟ್ಸ್ಯಾಪ್ ಗುಂಪಿನಲ್ಲಿ ಅವರು ಬರೆದ ಸಂದೇಶವನ್ನು ಓದಲು ಬೆರಳು ನೋಯುವಷ್ಟು ಮೇಲೆ ತಳ್ಳಬೇಕು. ಹಾಗಂತ ಓದದೆ ಬಿಡುವವರು ಯಾರೂ ಇಲ್ಲ. ಅವರು ಒಳ್ಳೆಯ ದಂತವೈದ್ಯ ಎಂದವನೇ ದಂತವೈದ್ಯ, ಅವರು ಬೇಡ ಎಂದ ಹಾಲಿನವನಿಗೆ ಮರುದಿನದಿಂದ ಹೈರಿಡ್ಜ್‌ನಲ್ಲಿ ಕೆಲಸವಿಲ್ಲ.

"ಬಂದ್ರಾ ಗಿರಿಜಮ್ಮ, ಒಳ್ಳೇದಾಯ್ತು. ನಿಮ್ಮ ಜೋಸೆಫ್ ಏನ್ ಮಾಡಿದಾನೆ ನೋಡಿ," ಎಂದರು. "ನಾಲ್ಕು ವರ್ಷದ ಹಿಂದೆ ಇದೇ ಥರ್ಮೋಸ್ಟಾಟ್ ಹಾಕಿದ್ದು ಇದೇ ಗ್ಯಾರೇಜಲ್ಲಿ. ಅವತ್ತು ರಾಕ್ಷಸನ ಥರ ಬಿಗಿ ಮಾಡಿದಾನೆ. ಇವತ್ತು ಬಿಚ್ಚೋಕೆ ಬರ್ತಿಲ್ಲ. ಬರೀ ಬಲ ಇದ್ರೆ ಸಾಕಾ? ತಲೆ ಬೇಡ್ವಾ?"

ಜೋಸೆಫನಿಗೆ ಕನ್ನಡ ಬಾರದು. ಗಿರಿಜಾಳ ಜೊತೆ ಹತ್ತು ವರ್ಷ ಕೆಲಸ ಮಾಡಿ ಕಲಿತದ್ದು ಎರಡೇ ಮಾತು, ಬಿಗಿ ಮತ್ತು ಸಡಿಲ. ಆದರೆ ದತ್ತಾತ್ರೇಯರು ಅದನ್ನೇ ಇಂಗ್ಲಿಷಿನಲ್ಲಿ ಇನ್ನೂ ಖಾರ ಹಾಕಿ ಮತ್ತೊಮ್ಮೆ ಹೇಳಿದರು. ಜೋಸೆಫ್ ಸಾಕೆಟ್ಟನ್ನು ಒರೆಸುತ್ತ ನಿಂತಿದ್ದ. ಒಂದೇ ಒಂದು ಸಲ ತಲೆಯೆತ್ತಿ ಗಿರಿಜಾಳ ಮುಖ ನೋಡಿದ, ಮತ್ತೆ ತಲೆ ತಗ್ಗಿಸಿದ.

ಅವನು ನೋಡಿದ್ದು ಏಕೆಂದು ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಆ ಬೋಲ್ಟನ್ನು ಬಿಗಿ ಮಾಡಿದ್ದು ಜೋಸೆಫ್ ಅಲ್ಲ, ಅವಳು. ಆ ದಿನ ಜೋಸೆಫ್ ಇನ್ನೊಂದು ಗಾಡಿಯ ಅಡಿಯಲ್ಲಿ ಮಲಗಿದ್ದ. ಮುಚ್ಚಳ ಕೂರಿಸಿ, ಬೋಲ್ಟು ಇಳಿಸಿ, ಸಣ್ಣ ಸ್ಪ್ಯಾನರಿನಲ್ಲಿ ಕೊನೆಯ ಸುತ್ತು ಕೊಟ್ಟವಳು ಅವಳೇ.

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಲಿಲ್ಲ.

"ಮಧ್ಯಾಹ್ನ ನಾಲ್ಕಕ್ಕೆ ಬರ್ತೀನಿ," ಎಂದರು ದತ್ತಾತ್ರೇಯರು. "ಬೋಲ್ಟು ಇಡಿಯಾಗಿ ಬಂದಿರ್ಬೇಕು. ಕತ್ತು ಮುರೀತೋ, ಗ್ರೂಪಲ್ಲಿ ಹಾಕ್ತೀನಿ. ಇನ್ಮೇಲೆ ನಮ್ಮೋರ ಒಂದ್ ಗಾಡೀನೂ ಈ ತಗಡಿನ ಕೆಳಗೆ ಬರಲ್ಲ." ಹೀಗೆಂದು ಮಫ್ಲರ್ ಸರಿ ಮಾಡಿಕೊಂಡು ಹೊರಟುಹೋದರು. ಜುಲೈ ತಿಂಗಳ ನೈರೋಬಿಯಲ್ಲಿ ಮಫ್ಲರ್ ಇಲ್ಲದ ಕನ್ನಡಿಗನನ್ನು ತೋರಿಸಿದವರಿಗೆ ಬಹುಮಾನ ಕೊಡಬಹುದು.

ಇಷ್ಟಕ್ಕೂ ಈ ಗಿರಿಜಾ ಗ್ಯಾರೇಜಿನಲ್ಲಿ ಏನು ಮಾಡುತ್ತಿದ್ದಳು ಎಂಬುದನ್ನು ಹೇಳಬೇಕು.

ಅವಳ ಅಪ್ಪ ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದ ಟರ್ನರ್. ಬೇರೆ ಮಕ್ಕಳು ಶಾಲೆ ಬಿಟ್ಟು ಆಟಕ್ಕೆ ಹೋದರೆ ಇವಳು ಅಪ್ಪನ ಶೆಡ್ಡಿಗೆ ಹೋಗುತ್ತಿದ್ದಳು. ತುಕ್ಕು ಹಿಡಿದ ಬೋಲ್ಟು, ಮುರಿದ ಸ್ಟಡ್ಡು, ಯಾರ ಕೈಯಲ್ಲೂ ಬಾರದ್ದೆಲ್ಲ ಅಪ್ಪನ ಮೇಜಿಗೆ ಬರುತ್ತಿತ್ತು. "ಬಿಚ್ಚೋದಕ್ಕೆ ಮುಂಚೆ ಕೂದಲೆಳೆಯಷ್ಟು ಬಿಗಿ ಮಾಡು. ಅದಕ್ಕೆ ನೀನು ಬಿಚ್ಚೋಕೆ ಬಂದಿದೀಯ ಅಂತ ಗೊತ್ತಾಗಬಾರ್ದು," ಎನ್ನುತ್ತಿದ್ದ ಅಪ್ಪ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಿದಳು. ಮದುವೆಯಾಯಿತು. ಗಂಡ ಯಶವಂತನನ್ನು ಬ್ಯಾಂಕು ಹನ್ನೆರಡು ವರ್ಷದ ಹಿಂದೆ ನೈರೋಬಿಗೆ ಕಳಿಸಿತು. ಜೊತೆಗೆ ಬಂದ ಹೆಂಡತಿ ಕೆಲಸ ಮಾಡುವಂತಿಲ್ಲ ಎಂದು ಸರ್ಕಾರ ಕೊಟ್ಟ ವಾಸದ ಪಾಸಿನಲ್ಲೇ ಬರೆದಿತ್ತು. ಎರಡು ವರ್ಷ ಮನೆಯ ಗೋಡೆ ನೋಡಿದಳು. ಆಮೇಲೆ ಒಂದು ದಿನ ಕಾರು ರಿಪೇರಿಗೆಂದು ಜೋಸೆಫನ ಗ್ಯಾರೇಜಿಗೆ ಬಂದವಳು ಸಂಜೆಯವರೆಗೆ ಹೋಗಲೇ ಇಲ್ಲ. ಸಂಬಳವಿಲ್ಲ, ಹೆಸರಿಲ್ಲ, ಬೋರ್ಡಿಲ್ಲ. ಕೆಲಸದ ರುಚಿ ಹತ್ತಿದವರಿಗೆ ಅದೆಲ್ಲ ಬೇಕಾಗಿಯೂ ಇಲ್ಲ.

ಕನ್ನಡದವರ ಗಾಡಿಗಳನ್ನು ಜೋಸೆಫನಿಗೆ ತಂದುಕೊಟ್ಟವಳು ಅವಳೇ. "ಒಳ್ಳೇ ಕೈ ಇದೆ ಅವನಿಗೆ, ಸುಳ್ಳು ಹೇಳಲ್ಲ," ಎಂದು ಮನೆಮನೆಗೆ ಹೇಳಿದ್ದಳು. ಈಗ ಅವನ ಅನ್ನದ ಮುಕ್ಕಾಲು ಪಾಲು ಆ ಗಾಡಿಗಳಿಂದಲೇ.

ಅವಳಿಗೆ ಇನ್ನೊಂದು ಗೌರವವೂ ಇತ್ತು. ಆಯುಧಪೂಜೆಯ ದಿನ ಕನ್ನಡ ಕುಟುಂಬಗಳು ಒಟ್ಟಿಗಿದ್ದ ಅವರ ಕಾಂಪೌಂಡಿನಲ್ಲಿ ದತ್ತಾತ್ರೇಯರದೂ ಸೇರಿ ಏಳು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದರು. ಆರತಿ ಗಿರಿಜಾಳದೇ. ಪಾನ್ ಅಂಗಡಿಯಿಂದ ಸುಣ್ಣ ತಂದು ಅರಿಶಿನದ ನೀರಿಗೆ ಕಲಸಿ, ಕಡುಕೆಂಪಾಗಿಸಿ, ಎಲ್ಲ ಗಾಡಿಗೂ ಎತ್ತುತ್ತಿದ್ದಳು. ಬೇರೆಯವರಾದರೆ ಆರತಿಯ ನೀರನ್ನು ರಸ್ತೆಗೆ ಚೆಲ್ಲುತ್ತಾರೆ. ಅವಳು ಮೊದಲು ಒಂದೊಂದು ಉದ್ಧರಣೆಯಷ್ಟನ್ನು ಇಂಜಿನ್ನಿನ ನೆತ್ತಿಗೆ ಬಿಡುತ್ತಿದ್ದಳು, ಮಗುವಿಗೆ ಎಣ್ಣೆ ಒತ್ತಿದ ಹಾಗೆ. ಅಪ್ಪ ಲೇತಿಗೆ ಹಾಗೆಯೇ ಮಾಡುತ್ತಿದ್ದ. ಇಂಜಿನ್ ಗೊತ್ತಿರುವ ಹೆಂಗಸು ಮಾಡುವ ಪೂಜೆ ಎಂದು ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು.

ಆ ಗೌರವವೇ ಈಗ ಅವಳ ಬಾಯಿ ಕಟ್ಟಿತ್ತು. ಬೋಲ್ಟು ಕೆಡಿಸಿದ್ದು ಗಿರಿಜಾ ಎಂದು ಗೊತ್ತಾದರೆ ಏನನ್ನುತ್ತಾರೆಂದು ಅವಳಿಗೆ ಅಕ್ಷರಶಃ ಗೊತ್ತಿತ್ತು. ಹೆಂಗಸರ ಕೈಗೆ ಸ್ಪ್ಯಾನರ್ ಕೊಟ್ಟರೆ ಇನ್ನೇನಾಗುತ್ತೆ, ನಾವು ಆಗಲೇ ಹೇಳಲಿಲ್ಲವಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು.

ಬೋಲ್ಟು ಇಡಿಯಾಗಿ ಬಂದುಬಿಟ್ಟರೆ ಯಾರೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡಳು. ತೋಳು ಮಡಚಿದಳು.

ಬೋಲ್ಟು ಕೂತಿದ್ದದ್ದು ಬೆರಳು ಹಿಡಿಸುವಷ್ಟು ಸಣ್ಣ ಕುಳಿಯಲ್ಲಿ. ಸುತ್ತಲೂ ಹಳದಿ ಬೆರೆತ ಬಿಳಿ ಹಕ್ಕಳೆ ಗಟ್ಟಿಯಾಗಿ ಕಟ್ಟಿತ್ತು. ರೇಡಿಯೇಟರಿನ ನೀರು ಸೋರಿ ಒಣಗಿರಬೇಕು ಎಂದುಕೊಂಡು ಸಣ್ಣ ಸ್ಕ್ರೂ ಡ್ರೈವರಿನಿಂದ ಕೆರೆದು, ಬಂದ ಪುಡಿಯನ್ನು ಬೆರಳಲ್ಲೇ ಬಾಚಿ ಹಳೇ ಬಟ್ಟೆಗೆ ಒರೆಸಿದಳು. ಉಗುರಿನ ಸಂದಿಯಲ್ಲೆಲ್ಲ ಅದು ಮೆತ್ತಿಕೊಂಡಿತು. ಕುಳಿಗೆ ತುಕ್ಕು ಬಿಡಿಸುವ ಎಣ್ಣೆ ತುಂಬಿ ಒಂದು ಗಂಟೆ ಬಿಟ್ಟಳು.

ಆ ಒಂದು ಗಂಟೆಯಲ್ಲಿ ಜೋಸೆಫ್ ಉಪ್ಪಿಟ್ಟು ತಿಂದ. ಬೇರೆ ದಿನವಾದರೆ ಸಾಸಿವೆಯನ್ನು ಒಂದೊಂದಾಗಿ ಬದಿಗಿಟ್ಟು ಅವಳನ್ನು ರೇಗಿಸುತ್ತಿದ್ದ. ಆ ದಿನ ಸಾಸಿವೆಯನ್ನೂ ತಿಂದ.

ಆಮೇಲೆ ಅವಳು ಅರ ತೆಗೆದುಕೊಂಡು ಗುಂಡಗಾಗಿದ್ದ ಬೋಲ್ಟಿನ ತಲೆಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ಮೂಲೆ ಮಾಡಿದಳು. ಒಂದು ಸೈಜು ಚಿಕ್ಕ ಸಾಕೆಟ್ಟನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದಳು. ಹಿಡಿತ ಸಿಕ್ಕಿತು. ಆದರೆ ಹಿಡಿತ ಸಿಕ್ಕಿದ್ದೇ ಅಪಾಯ. ಇನ್ನು ಮೇಲೆ ಜಾರುವುದಿಲ್ಲ, ಮುರಿಯುತ್ತದೆ. ಸಣ್ಣ ಬೆರಳಿಗಿಂತ ತೆಳುವಾದ ಉಕ್ಕಿನ ಕಡ್ಡಿ ಅಲ್ಯೂಮಿನಿಯಮ್ಮಿನೊಳಗೆ ಕಚ್ಚಿಕೊಂಡಿದೆ. ಮುರಿದರೆ ಅರ್ಧ ಒಳಗೇ ಉಳಿಯುತ್ತದೆ. ಡ್ರಿಲ್ ಹಾಕಿ ತೆಗೆಯಬೇಕು, ಡ್ರಿಲ್ಲು ಒಂದು ಕೂದಲಷ್ಟು ಪಕ್ಕಕ್ಕೆ ಸರಿದರೂ ಮೆತ್ತನೆಯ ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತದೆ. ಆಮೇಲೆ ಇಂಜಿನ್ನಿನ ತಲೆಯೇ ಇಳಿಯಬೇಕು.

ಅವಳು ಕೂದಲೆಳೆಯಷ್ಟು ಬಿಗಿ ಮಾಡಲು ನೋಡಿದಳು. ಕಲ್ಲು. ಸಡಿಲ ಮಾಡಲು ನೋಡಿದಳು. ಸ್ಪ್ಯಾನರ್ ಸ್ವಲ್ಪ ಬಂದಂತಾಯಿತು. ಬಂದದ್ದು ಬೋಲ್ಟಲ್ಲ, ಬೋಲ್ಟಿನ ಕತ್ತು ತಿರುಚಿಕೊಳ್ಳುತ್ತಿತ್ತು.

"ಮಾಮಾ, ನಿಲ್ಲಿಸಿ," ಎಂದ ಜೋಸೆಫ್. ದೊಡ್ಡ ಹೆಂಗಸರನ್ನು ಇಲ್ಲಿ ಕರೆಯುವುದೇ ಹಾಗೆ. ಇಂಗ್ಲಿಷು ಸ್ವಾಹಿಲಿ ಬೆರೆಸಿದ ಅವರಿಬ್ಬರದೇ ಒಂದು ಭಾಷೆ ಇತ್ತು.

ಅವಳು ಕೈ ಬಿಟ್ಟಳು. ಆ ದಿನ ನಾನು ಎಷ್ಟು ಬಿಗಿ ಮಾಡಿದ್ದೆ? ಎರಡು ಬೆರಳಿನ ಬಿಗಿ, ಅಷ್ಟೇ. ಹಾಗೆಂದು ಆಣೆ ಮಾಡಿ ಹೇಳಬಲ್ಲೆನಾ? ನಾಲ್ಕು ವರ್ಷದ ಹಿಂದಿನ ಕೈಯ ನೆನಪು ಯಾರಿಗಿರುತ್ತದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. ಗಡಿಯಾರದಲ್ಲಿ ಎರಡೂವರೆ.

"ಗ್ಯಾಸ್ ಟಾರ್ಚ್ ತಾ," ಎಂದಳು. "ಮೇಣದಬತ್ತಿನೂ."

ಪಕ್ಕದ ರಬ್ಬರ್ ಪೈಪಿಗೆ ಜೋಸೆಫ್ ಒದ್ದೆ ಗೋಣಿ ಸುತ್ತಿ ಕೈಯಲ್ಲಿ ಹಿಡಿದು ನಿಂತ. ಅವಳು ಉರಿಯನ್ನು ಸಣ್ಣದಾಗಿ ಮಾಡಿ, ಬೋಲ್ಟಿಗೆ ತಾಗಿಸದೆ ಅದರ ಸುತ್ತಲಿನ ಲೋಹಕ್ಕೆ ಹಿಡಿದಳು. ಉಕ್ಕಿಗಿಂತ ಅಲ್ಯೂಮಿನಿಯಮ್ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದರೆ ಹಲ್ಲು ಸ್ವಲ್ಪ ಬಿಡುತ್ತದೆ. ಆದರೆ ಈ ಲೋಹ ಕಾದರೂ ಬಣ್ಣ ಬದಲಿಸುವುದಿಲ್ಲ. ಎಚ್ಚರಿಕೆ ಕೊಡದೆ ಒಮ್ಮೆಗೇ ಕರಗಿ ಕೂರುವ ಜಾತಿ ಅದು. ಅವಳು ಅರ್ಧರ್ಧ ನಿಮಿಷಕ್ಕೆ ಉರಿ ತೆಗೆದು ಒಂದು ಹನಿ ನೀರು ಚಿಮುಕಿಸಿದಳು. ಮೊದಲ ಸಲ ಹನಿ ಸುಮ್ಮನೆ ಹರಡಿತು. ಮೂರನೆಯ ಸಲ ಆವಿಯಾಯಿತು. ಐದನೆಯ ಸಲ ದೋಸೆ ಕಾವಲಿಯ ಮೇಲೆ ಬಿದ್ದಂತೆ ಚುಂಯ್ ಎಂದು ಓಡಿತು.

"ಸಾಕು."

ಮೇಣದಬತ್ತಿಯ ತುದಿಯನ್ನು ಬೋಲ್ಟಿನ ಬುಡಕ್ಕೆ ಒತ್ತಿದಳು. ಮೇಣ ಕರಗಿ, ಒಂದು ಕ್ಷಣ ಹೊಳೆದು, ಒಳಕ್ಕೆ ಇಳಿದುಹೋಯಿತು. ಇನ್ನಷ್ಟು ಒತ್ತಿದಳು, ಅದೂ ಇಳಿಯಿತು. ಕುಡಿಯುತ್ತಿದೆ ಎಂದುಕೊಂಡಳು. ಸಾಕೆಟ್ಟಿನ ತಲೆಗೆ ಸುತ್ತಿಗೆಯಿಂದ ಹತ್ತು ಸಲ, ಹದವಾಗಿ. ಸ್ಪ್ಯಾನರ್ ಹಾಕಿದಳು. ಅಪ್ಪ ಹೇಳಿದ್ದಂತೆ ಮೊದಲು ಬಿಗಿ.

ಟಕ್.

ಜೋಸೆಫ್ ಬಗ್ಗಿ ನೋಡಿದ, ಏನಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಈ ಸದ್ದು ಎರಡಕ್ಕೂ ಬರುತ್ತದೆ, ಕಚ್ಚು ಬಿಟ್ಟರೂ ಇದೇ ಸದ್ದು, ಕತ್ತು ಮುರಿದರೂ ಇದೇ ಸದ್ದು. ತಿರುಗಿಸಿ ನೋಡದೆ ತಿಳಿಯುವುದಿಲ್ಲ, ತಿರುಗಿಸಲು ಕೈ ಏಳುತ್ತಿಲ್ಲ. ಅವಳು ಕಣ್ಣು ಮುಚ್ಚಿ ಸ್ಪ್ಯಾನರನ್ನು ಎಡಕ್ಕೆ ಒತ್ತಿದಳು. ಗಟ್ಟಿಯಾಗಿ, ಅಂಟಂಟಾಗಿ, ಆದರೆ ಒಂದೇ ಸಮನೆ ಅದು ತಿರುಗಿತು. ಮುರಿದ ಬೋಲ್ಟು ಹಾಗೆ ಎದುರು ಒತ್ತುವುದಿಲ್ಲ.

"ಸಡಿಲ!" ಎಂದು ಜೋಸೆಫ್ ಕೂಗಿದ. ಕನ್ನಡದಲ್ಲೇ.

ಅರ್ಧ ಸುತ್ತು ಎಡಕ್ಕೆ, ಕಾಲು ಸುತ್ತು ಬಲಕ್ಕೆ, ಮತ್ತೆ ಎಣ್ಣೆ. ಹೀಗೆ ಅದನ್ನು ಹೊರಕ್ಕೆ ತರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಇಡಿಯಾಗಿ ಬಂತು. ಅವಳಿಗೆ ಅಳು ಬಂತು, ಅತ್ತಳು. ಇಕ್ಕಳದಲ್ಲಿ ಹಿಡಿದು ಅದನ್ನು ಬೆಂಚಿನ ಮೇಲಿಟ್ಟು, ಕೈ ತೊಳೆಯಲು ಡ್ರಮ್ಮಿನ ಹತ್ತಿರ ಹೋದಳು.

ಬಟ್ಟೆ ಸೋಪಿನ ತುಂಡು ಹಚ್ಚಿ ಉಜ್ಜುತ್ತಿದ್ದಂತೆ ಕೈ ಕೆಂಪಾಯಿತು.

"ಮಾಮಾ! ಡಾಮು!" ಎಂದು ಜೋಸೆಫ್ ಓಡಿಬಂದ. ರಕ್ತ ಎಂದುಕೊಂಡಿದ್ದ. ಅವಳೂ ಮೊದಲು ಹಾಗೇ ಅಂದುಕೊಂಡಳು. ಎಲ್ಲೂ ಗಾಯವಿರಲಿಲ್ಲ. ಕೆಂಪಾಗಿದ್ದದ್ದು ಬೆರಳ ತುದಿ, ಉಗುರಿನ ಸಂದಿ. ಬೆಳಿಗ್ಗೆ ಬಾಚಿದ್ದ ಆ ಹಳದಿ ಪುಡಿ ಮೆತ್ತಿದ್ದ ಕಡೆ ಮಾತ್ರ.

ಸೋಪು ತಾಗಿದರೆ ಕೆಂಪಾಗುವ ಹಳದಿ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಬ್ಬದ ಮರುದಿನ ಬಿಳಿ ಪಂಚೆ ಒಗೆದ ಯಾವ ಹೆಂಗಸಿಗೂ ಅದು ಗೊತ್ತು. ಅರಿಶಿನ.

ಅವಳು ಅಲ್ಲೇ ಮಗುಚಿದ ಬಕೆಟ್ಟಿನ ಮೇಲೆ ಕುಳಿತಳು. ನಾಲ್ಕು ವರ್ಷ, ನಾಲ್ಕು ಆಯುಧಪೂಜೆ. ಇಂಜಿನ್ನಿನ ನೆತ್ತಿಯಲ್ಲಿ ಒಂದು ಸಣ್ಣ ಕುಳಿ, ಅದಕ್ಕೆ ವರ್ಷ ವರ್ಷ ಸುಣ್ಣದ ನೀರು. ಅಲ್ಯೂಮಿನಿಯಮ್ಮಿಗೆ ಸುಣ್ಣ ಎಂದರೆ ವಿಷ ಎಂದು ಪಾಲಿಟೆಕ್ನಿಕ್‌ನಲ್ಲಿ ಓದಿ ಪಾಸಾದವಳು ಅವಳು! ಅಪ್ಪ ಹಾಕುತ್ತಿದ್ದನಲ್ಲ ಎಂದು ಮನಸ್ಸು ವಾದಕ್ಕೆ ನಿಂತಿತು. ಹಾಕುತ್ತಿದ್ದ, ಆದರೆ ಎರಕದ ಕಬ್ಬಿಣದ ಲೇತಿಗೆ. ಅಷ್ಟೇ ಅಲ್ಲ. ವಿಜಯದಶಮಿಯ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದವನೇ, ಅಪ್ಪ ದೀಪಕ್ಕೂ ಮೊದಲು ಎಣ್ಣೆ ಬಟ್ಟೆ ತೆಗೆದುಕೊಂಡು ಲೇತನ್ನು ಮೂಲೆ ಮೂಲೆ ಒರೆಸುತ್ತಿದ್ದ. ಅವಳು ಅದನ್ನು ಎಷ್ಟೋ ಸಲ ನೋಡಿದ್ದಳು. ಪೂಜೆಯನ್ನು ನೆನಪಿಟ್ಟುಕೊಂಡಳು, ಒರೆಸುವುದನ್ನು ಮರೆತಳು.

ನಾಲ್ಕಕ್ಕೆ ಸರಿಯಾಗಿ ದತ್ತಾತ್ರೇಯರು ಬಂದರು. ಬೆಂಚಿನ ಮೇಲೆ ಇಡಿಯಾಗಿ ಮಲಗಿದ್ದ ಬೋಲ್ಟನ್ನು ನೋಡಿ ಅವರ ಮುಖ ಅರಳಿತು.

"ಭೇಷ್! ನಿಮ್ಮ ಕೈಗುಣ ಗಿರಿಜಮ್ಮ, ಸಾಮಾನ್ಯದ್ದಲ್ಲ," ಎಂದರು. ಆಮೇಲೆ ಜೋಸೆಫನ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, ಇಂಗ್ಲಿಷಿನಲ್ಲಿ ಹೇಳಿದರು, "ಈ ಸಲ ನಿನ್ನನ್ನು ಕ್ಷಮಿಸಿದ್ದೇನೆ. ಇನ್ನು ಮೇಲೆ ಅಷ್ಟು ಬಿಗಿ ಮಾಡಬೇಡ."

ಎಲ್ಲ ಮುಗಿದಿತ್ತು. ಗುಂಪಿಗೆ ಸಂದೇಶ ಹೋಗುವುದಿಲ್ಲ, ಗಾಡಿಗಳು ಬರುತ್ತವೆ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೈಗೆ ಹತ್ತಿದ್ದ ಕೆಂಪೂ ಆಗಲೇ ಮಾಸುತ್ತಿತ್ತು.

ಜೋಸೆಫ್ ತಲೆ ತಗ್ಗಿಸಿದ. "ಅಸಾಂಟೆ," ಎಂದ.

ಮಾಡದ ತಪ್ಪಿಗೆ ಸಿಕ್ಕ ಕ್ಷಮೆಗೆ ಅವನು ಥ್ಯಾಂಕ್ಸ್ ಹೇಳಿದ್ದ. ಬೆಳಿಗ್ಗೆಯ ಬೈಗುಳವನ್ನು ಕೇಳಿಸಿಕೊಂಡು ಸುಮ್ಮನಿದ್ದ ಗಿರಿಜಾಗೆ ಆ ಒಂದು ಮಾತನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಒಂದ್ನಿಮಿಷ ಸರ್," ಎಂದಳು. "ನೀವು ಕ್ಷಮಿಸ್ಬೇಕಾಗಿರೋದು ಅವನನ್ನಲ್ಲ. ಅವತ್ತು ಈ ಬೋಲ್ಟ್ ಬಿಗಿ ಮಾಡಿದ್ದು ನಾನು. ಜೋಸೆಫ್ ನಿಮ್ಮ ಗಾಡಿ ಮುಟ್ಟೇ ಇರ್ಲಿಲ್ಲ. ಬೆಳಿಗ್ಗೆ ನೀವು ಬೈತಿದ್ದಾಗ್ಲೇ ಹೇಳ್ಬೇಕಾಗಿತ್ತು. ಹೆಸರು ಹೋಗುತ್ತೆ ಅಂತ ಹೆದರ್ಕೊಂಡೆ."

ದತ್ತಾತ್ರೇಯರು ಬಾಯಿ ತೆರೆದರು. ಅವಳು ಬಿಡಲಿಲ್ಲ.

"ಇನ್ನೂ ಇದೆ. ಬಿಗಿಯಿಂದ ಕೆಟ್ಟಿದ್ದೂ ಅಲ್ಲ ಇದು." ಕೆರೆದ ಪುಡಿ ಒರೆಸಿದ್ದ ಬಟ್ಟೆಯನ್ನು ತಂದು ಅವರ ಮುಂದೆ ಸೋಪಿನ ನೀರಲ್ಲಿ ಅದ್ದಿದಳು. ಹಳದಿ ಕಲೆ ಕೆಂಪಾಯಿತು. ದತ್ತಾತ್ರೇಯರು ಬಗ್ಗಿ ನೋಡಿದರು. ಮಫ್ಲರಿನ ತುದಿ ನೀರಲ್ಲಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

"ಇದು... ಆರತಿ ನೀರಲ್ವಾ?"

"ಹೌದು ಸರ್. ನಾನು ಹಾಕಿದ ಆರತಿ ನೀರು. ಸುಣ್ಣ ಲೋಹ ತಿಂದು ಬೋಲ್ಟ್ ಕಚ್ಚಿಸಿದೆ."

ಅವರು ಒದ್ದೆಯಾದ ಮಫ್ಲರಿನ ತುದಿಯನ್ನು ಹಿಂಡಿದರು. ಮೆಲ್ಲಗೆ ಹೇಳಿದರು, "ಹೋದ್ಸಲ ನಾನೇ ಅಲ್ವಾ, ನನ್ ಗಾಡೀದು ಹಳೇ ಇಂಜಿನ್ನು, ಇನ್ನೊಂದ್ ಸ್ವಲ್ಪ ಜಾಸ್ತಿ ಬಿಡಮ್ಮ ಅಂದಿದ್ದು." ಜೋಸೆಫನ ಹತ್ತಿರ ಹೋಗಿ ನಿಂತರು. ವರದಿ ಬರೆಯುವ ಇಂಗ್ಲಿಷು ಕೈಕೊಟ್ಟಿತೋ ಏನೋ, ಬಜಾರಿನಲ್ಲಿ ಕಲಿತ ಸ್ವಾಹಿಲಿಯಲ್ಲಿ ಕ್ಷಮಿಸು ಎಂದರು, "ಸಮಹಾನಿ, ಜೋಸೆಫ್." ಜೋಸೆಫ್ ಅವರ ಕೈ ಹಿಡಿದು ಕುಲುಕಿದ.

"ಗ್ರೂಪ್‌ಗೆ ನಾನೇ ಬರೀತೀನಿ ಸರ್," ಎಂದಳು ಗಿರಿಜಾ. "ಎಲ್ಲಾನೂ."

"ಬರೀರಿ," ಎಂದರು ಅವರು. "ಚಿಕ್ಕದಾಗಿ ಬರೀರಿ."

ಹೊಸ ಥರ್ಮೋಸ್ಟಾಟು, ಹೊಸ ಬೋಲ್ಟು ಹಾಕಿಸಿಕೊಂಡು ಅವರು ಹೋದ ಮೇಲೆ ಜೋಸೆಫ್ ದಿನದ ಪದ್ಧತಿಯಂತೆ ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟು ಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸತೊಡಗಿದ. ಅವನು ಹತ್ತು ವರ್ಷದಿಂದ ಪ್ರತಿ ಸಂಜೆ ಅದನ್ನು ಮಾಡುತ್ತಿದ್ದ. ಅವಳು ಅದನ್ನೂ ಎಷ್ಟೋ ಸಲ ನೋಡಿದ್ದಳು.

"ಬೆಳಿಗ್ಗೆ ನೀನು ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. "ನಿನ್ನ ಅನ್ನವೇ ಹೋಗ್ತಿತ್ತು."

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ, ಮಾಮಾ."

ಅವನು ಹತ್ತು ನಂಬರಿನ ಸಾಕೆಟ್ಟನ್ನು ಒರೆಸಿ ಇಟ್ಟು, "ಒಟ್ಟು ಎಷ್ಟು ಕಾರಿಗೆ ಹಾಕಿದ್ದೀರಿ ಆ ನೀರನ್ನು?" ಎಂದ.

"ಏಳು."

ಜೋಸೆಫ್ ಕಾಂಪೌಂಡಿನ ದಿಕ್ಕಿಗೊಮ್ಮೆ ನೋಡಿದ, ಅವಳ ಕಡೆಗೊಮ್ಮೆ ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. ಎಣ್ಣೆ ಬಟ್ಟೆಯನ್ನು ಹಿಂಡಿ ಅವಳ ಕೈಗೆ ಕೊಟ್ಟು, ತಾನು ಗ್ಯಾಸ್ ಟಾರ್ಚನ್ನೂ ಉಳಿದ ಮೇಣದಬತ್ತಿಯನ್ನೂ ತೆಗೆದುಕೊಂಡು ಗೇಟಿನ ಕಡೆ ನಡೆದ. ಇನ್ನೂ ಬೆಳಕಿತ್ತು. ಆರು ಕಾರು ಉಳಿದಿದ್ದವು. ಗಿರಿಜಾ ಬಟ್ಟೆ ಹಿಡಿದು ಅವನ ಹಿಂದೆ ಹೊರಟಳು.